ಒಂಬತ್ತನೇ ಪ್ರಶ್ನೆ

ಊಟದ ಪರಾತ ಸರಿಸಿ
ಮೂರು ಕಾಗದ ಹಾಸೀನಿ, ಫ್ಯಾನಿಗೆ ಹಾರದಂಗ
ಒಂದರ ಮ್ಯಾಲ ಶೇಂಗಾ ಹಿಂಡಿ ಡಬ್ಬಿ,
ಒಂದರ ಮ್ಯಾಲ ಚಸ್ಮಾದ ಪೆಟ್ಟಿಗಿ,
ಮೂರನೇದರ ಮ್ಯಾಲ ಹಳೇ ಟಿಕೀಟು ಪಂಚು.
ಡಿಪೋಕ್ಕ ಒಪ್ಪಿಸೂದು ಮರೆತದ್ದು. ಅಲ್ಲ,
ಕಳದದ ಅಂತ ಬರಕೊಟ್ಟದ್ದು.

ಕೈಯಾಗಿರೂ ಸಂಘದ ವಿಮಾ
ಮೂರು ಲಕ್ಷಕ್ಕ ನಿಂದರ್ತದ.
ಅದರ ಮ್ಯಾಲೊಂದು ಇರಲಿ ಅಂದಾನ ಮೌಲಾಲಿ,
ಇಪ್ಪತ್ತೆರಡು ವರ್ಷ ನನ್ನ ಗಾಡಿ ಹೊಡದಾಂವ,
ಎದಿಯಾಗ ಸ್ಟೆಂಟ್ ಕೂಡಿಸಿಕೊಂಡು ಬಂದು
ರಿಂಗ್ ರೋಡಿನ ಪ್ಲಾಟು ಮಾರಿದಾಂವ.

ಮೊದಲನೇದು ಅಗ್ಗ. ವರ್ಷಕ್ಕ ಒಂಬತ್ತು ಸಾವಿರದ ನಾನೂರು.
ಆದರ ಐದು ಲಕ್ಷ ದಾಟಿದ ಮ್ಯಾಲೇ ಅದು ಕಣ್ಣು ತೆರೀತದ.
ನಾ ತಿಳಕೊಂಡದ್ದು ಹಿಂಗ:
ಕಲಬುರಗಿಯಿಂದ ಮಳಖೇಡದ ತನಕ ಸಂಘದ ಬಸ್ಸು,
ಸೇಡಂ ದಾಟಿದ ಮ್ಯಾಲ ಇವರ ಬಸ್ಸು,
ನಡುವಿನ ಹಾದಿ, ಎರಡು ಲಕ್ಷದ ಬಿಸಲು,
ಜಡ್ಡಿನ ಮನಶ್ಯಾ ನಡಕೊಂತ ಬರಬೇಕು.

ಎರಡನೇದು ಹದಿನೇಳು ಸಾವಿರದ ಎಂಟುನೂರಾ ಐವತ್ತು.
ಮೂರು ಲಕ್ಷಕ್ಕೇ ಬಂದು ಕೂಡ್ತದ, ಗಂಟು ಹಾಕಿದಂಗ.
ಆದರ ಖೋಲಿ ಬಾಡಿಗಿ ಮಿತಿ ಮೀರಿದರ
ಡಾಕ್ಟರ ಫೀಜಿನಾಗೂ ಅದೇ ಪ್ರಮಾಣದಾಗ ಕಡತ.
ಕಿಡಕಿ ಇರೂ ಖೋಲಿ ಕೇಳಿದ್ದಕ್ಕ
ಹೊಲಿಗಿ ದಾರಕ್ಕೂ ದಂಡ.

ಮೂರನೇದಕ್ಕ ಮೂವತ್ತೊಂದು ಸಾವಿರ,
ಮೊದಲ ರೂಪಾಯಿಯಿಂದಲೇ ಕೊಡ್ತದ ಅಂತ,
ನೂರಕ್ಕ ಇಪ್ಪತ್ತು ಮಾತ್ರ ನಮ್ಮದು ಅಂತ.
ಸಣ್ಣಕ್ಷರ ಓದಲಿಕ್ಕೆ
ಚಸ್ಮಾ ತಗದು ಕಾಗದ ಮೂಗಿಗೆ ಹಿಡಿದೆ.
ಶಾಯಿ ವಾಸನಿ ಬಿಟ್ಟರ ಏನೂ ತಿಳೀಲಿಲ್ಲ.

ಕಸ್ತೂರಿಬಾಯಿ ಆ ಕಡೆ ಮಷೀನಿನ ಮುಂದ.
ನನ್ನ ಖಾಕಿ ಪ್ಯಾಂಟು ಬಿಚ್ಚಿ ಸಂತಿ ಚೀಲ ಹೊಲೀತಾಳ.
ಎರಡನೇದೇ ಇರಲಿ ಅಂದೆ. ಹೂಂ ಅಂದಳು.
ಆಕಿ ಹೆಸರು, ಹುಟ್ಟಿದ ವರ್ಷ, ತೂಕ ಬರದೆ.
ಎತ್ತರ ಅಂದಾಜಿನ್ಯಾಗ ಬರದೆ.
ಒಂಬತ್ತನೇ ಪ್ರಶ್ನೆ: ಹಿಂದೆಂದಾದರೂ ಎದೆನೋವು,
ಕೈ ಜೋಮು, ಉಸಿರು ಕಟ್ಟಿದ್ದು?
ಇಲ್ಲ ಅನ್ನೂದಕ್ಕ ಗುರುತು ಹಾಕಿ ಮುಂದ ನಡದಿದ್ದೆ,
ಮಷೀನು ನಿಂತಿತು.

"ಆಗಿತ್ತು.
ನಿಮಗ ಮಾಲಿ ಹಾಕಿದ ದಿನಾ.
ಎಡಗೈ ಮ್ಯಾಲ ಏಳಲಿಲ್ಲ.
ಮರುದಿನ ಮೌಲಾಲಿ ಮನಿಯಾಕಿ ಜೋಡಿ ಹೋಗಿ
ಇಸಿಜಿ ತಗಸೀನಿ. ಗುಳಗಿ ಜ್ವಾಳದ ಡಬ್ಬ್ಯಾಗ ಅವ."

ಗ್ವಾಡಿ ಮ್ಯಾಲ ಆ ಫೋಟೋ.
ಎಲ್ಲಾರೂ ಚಪ್ಪಾಳಿ ಹೊಡೀಲಿಕತ್ಯಾರ,
ಡಿಪೋ ಮ್ಯಾನೇಜರ, ಮೌಲಾಲಿ, ಕ್ಯಾಂಟೀನಿನ ಹುಡುಗ.
ಈಕಿ ಕೈ ಎರಡೂ ಉಡಿಯಾಗ.
ಗಂಡನ ಮಾನ ನೋಡಿ ಖುಷಿ ಇಲ್ಲ ಈಕಿಗೆ
ಅಂತ ಎಂಟು ತಿಂಗಳು
ಅನ್ನದ ಜೋಡಿ ನುಂಗೀನಿ ಆ ಸಿಟ್ಟು.

ಮೂವತ್ಮೂರು ವರ್ಷ,
ಸೀಟಿನ ಹಿಂದ ತಲಿ ಬಗ್ಗಿಸಿದಾಂವನ್ನ,
ನಿದ್ದಿ ಬಂದಂಗ ಮಾಡೂ ಮುದುಕನ್ನ,
ಟಿಕೀಟಿಲ್ಲದವರನ್ನ ಉಸಿರಿನ ಮ್ಯಾಲೇ ಹಿಡದಾಂವ ನಾ.
ಒಬ್ಬಿಬ್ಬರನ್ನ ಬಿಟ್ಟೀನಿ, ರೊಕ್ಕ ತಗೊಂಡೂ ಬಿಟ್ಟೀನಿ.
ನನ್ನ ಮನಿಯಾಗೇ ಎಂಟು ತಿಂಗಳು
ಒಂದು ಜಡ್ಡು ಕುಂತು ಬಂದದ,
ಚೀಟಿ ಕೇಳಲಿಲ್ಲ ನಾ.

"ಇಲ್ಲ ಅಂತೇ ಇರಲಿ," ಅಂದಳು, "ಅಗ್ಗ ಆಗ್ತದ."

ಏಜೆಂಟ್ ಹುಡುಗಿಗೆ ಫೋನ್ ಮಾಡಿದೆ.
ಖರೇ ಬರದರ ನೂರಕ್ಕ ಇಪ್ಪತ್ತೈದು ಹೆಚ್ಚರಿ ಅಂಕಲ್,
ಎದಿ ಖರ್ಚಿಗೆ ಮೂರು ವರ್ಷ ಕಾಯಬೇಕರಿ.
ಕಾಗದದ ಹಿಂದ ಲೆಕ್ಕ ಹಾಕಿದೆ:
ಇಪ್ಪತ್ತೆರಡು ಸಾವಿರದ ಮುನ್ನೂರಾ ಹನ್ನೆರಡು,
ಮ್ಯಾಲ ಐವತ್ತು ಪೈಸೆ.
ಚಿಲ್ಲರೆ ಇಲ್ಲದಾಗ ಟಿಕೀಟಿನ ಹಿಂದ ಗೀಚಿ ಕೊಡ್ತಿದ್ದೆ,
ಇಳಿಯುವಾಗ ತಗೋರಿ ಅಂತ.
ಎಷ್ಟೋ ಮಂದಿ ಮರೆತು ಇಳದು ಹೋದರು.

ಆಕಿ ಕಾಲು ಮತ್ತ ಮಷೀನಿನ ಮ್ಯಾಲ ಇಟ್ಟಳು.
ಒತ್ತಲಿಲ್ಲ.
ನಾ ಪಂಚು ತಗೊಂಡೆ,
ಒಂಬತ್ತನೇ ಪ್ರಶ್ನೆಯ 'ಇಲ್ಲ' ಇದ್ದ ಕಡೆ
ಕಚಕ್ ಅಂತ ತೂತು ಹೊಡದೆ.

ಅರ್ಜಿ ಕೆಟ್ಟಿತು.
ನಾಳಿಗೆ ಹೊಸಾದು ತರಬೇಕು.
"ಎತ್ತರಾನೂ ತಪ್ಪು ಬರದೀರಿ," ಅಂದಳು,
"ನಾ ಅಷ್ಟು ಗಿಡ್ಡ ಇಲ್ಲ."